ಅತ್ತೆಯ ಪಾಲಿನ ಹಳದಿ

ಆಸ್ಪತ್ರೆಯ ಅಡುಗೆಮನೆಯಲ್ಲಿ ದಿನಕ್ಕೆ ಇನ್ನೂರು ಮೊಟ್ಟೆ ಬೇಯಿಸುವವಳು ನಾನು. ಮೊಟ್ಟೆಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ಮೆರೆಯುತ್ತಿದ್ದೆ. ನನ್ನದು ಕಿಡ್ನಿ ವಾರ್ಡು. ಬಿಳಿ ಕೊಡು, ಹಳದಿ ತೆಗೆ, ಅಷ್ಟೇ ಅಲ್ಲಿನ ನಿಯಮ. ಹತ್ತು ವರ್ಷ ಅದನ್ನೇ ಮಾಡಿ, ಲೋಕಕ್ಕೆಲ್ಲ ಅದೇ ಸರಿ ಅಂದುಕೊಂಡುಬಿಟ್ಟಿದ್ದೆ.

ನಮ್ಮತ್ತೆ ನಲವತ್ತು ವರ್ಷ ದರ್ಜಿಗಳ ಅಂಗಿಗೆ ಕಾಜಾ ಹೊಲಿದು, ಗುಂಡಿ ಹಾಕಿಕೊಟ್ಟು ನನ್ನ ಗಂಡನನ್ನು ಓದಿಸಿದವರು. ಈಗ ಕಣ್ಣು ಮಂಜು, ಕಾಲಲ್ಲಿ ಕಸುವಿಲ್ಲ. ಎರಡು ವರ್ಷದ ಹಿಂದೆ ಡಾಕ್ಟರು ದಿನಕ್ಕೊಂದು ಬೇಯಿಸಿದ ಮೊಟ್ಟೆ ಕೊಡಿ ಎಂದರು. ನಾನು ಬಿಡುತ್ತೇನೆಯೇ? ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹಳದಿ ತೆಗೆದು, ಬಿಳಿ ಮಾತ್ರ ತಟ್ಟೆಗಿಡುತ್ತಿದ್ದೆ.

"ಒಂಚೂರು ಹಳದಿ ಕೊಡೇ, ಬರೀ ಬಿಳಿ ಸಪ್ಪೆ ಸಪ್ಪೆ."

"ಈ ವಯಸ್ಸಲ್ಲಿ ನಾಲಿಗೆ ಚಪಲ ಒಳ್ಳೇದಲ್ಲ ಅತ್ತೆ. ಆಸ್ಪತ್ರೇಲಿ ಇರೋಳು ನಾನು, ನಂಗೊತ್ತಿಲ್ವಾ!"

ದಂಡವಾಗಬಾರದೆಂದು ಆ ಹಳದಿಯನ್ನು ನಾನೇ ತಿನ್ನುತ್ತಿದ್ದೆ, ಅವರ ಕಣ್ಣೆದುರಿಗೇ. ವರ್ಷದ ಹಿಂದೆ ಅವರು ಕೇಳುವುದನ್ನೇ ಬಿಟ್ಟರು. ಅಂತೂ ಬುದ್ಧಿ ಬಂತು ಎಂದು ಬೀಗಿದೆ.

ಮೊನ್ನೆ ಬಚ್ಚಲ ಹೊಸ್ತಿಲಲ್ಲಿ ಕುಸಿದರು. ಮೂಳೆ ಮುರಿಯಲಿಲ್ಲ, ಪುಣ್ಯ. ಅವರ ರಕ್ತ ಪರೀಕ್ಷೆಯ ಚೀಟಿ ಹಿಡಿದು ಆಸ್ಪತ್ರೆಯ ಆಹಾರ ತಜ್ಞೆಯ ಹತ್ತಿರ ಹೋಗಿ, "ದಿನಾ ಹಳದಿ ತೆಗೆದೇ ಮೊಟ್ಟೆ ಕೊಡ್ತೀನಿ ಮೇಡಂ, ಆದ್ರೂ ಶಕ್ತೀನೇ ಬರ್ತಿಲ್ಲ," ಎಂದೆ, ಜಂಬದಿಂದಲೇ.

"ಅಯ್ಯೋ, ಅವರ ಕಿಡ್ನಿ ಚೆನ್ನಾಗೇ ಇದೆಯಲ್ಲಮ್ಮ! ಪ್ರೋಟೀನು ಹತ್ತಿರ ಹತ್ತಿರ ಅರ್ಧ ಹಳದೀಲೇ ಇರೋದು. ಕಣ್ಣಿನ ವಿಟಮಿನ್ನು, ಮೂಳೆಯ ವಿಟಮಿನ್ನು ಇರೋದೂ ಅದರಲ್ಲೇ. ಅದನ್ನ ಯಾಕೆ ತೆಗೆದೆ?"

ಎರಡು ವರ್ಷ ಮುದುಕಿಯ ಬಾಯಿಂದ ಕಿತ್ತು ತಿಂದವಳು ನಾನು. ಮೇಲೆ ಬುದ್ಧಿ ಬೇರೆ ಹೇಳಿದ್ದೆ.

ಮರುದಿನ ಬೆಳಿಗ್ಗೆ ಇಡೀ ಮೊಟ್ಟೆ ತಟ್ಟೆಗಿಟ್ಟೆ. ಅತ್ತೆ ಅದನ್ನು ಬಿಡಿಸಿ, ಹಳದಿಯನ್ನು ನನ್ನತ್ತ ಚಾಚಿದರು.

"ಬೇಡ ಅತ್ತೆ. ನಾನು ಹೇಳಿದ್ದೆಲ್ಲ ತಪ್ಪು. ಅದು ನೀವು ತಿನ್ನಬೇಕಾಗಿದ್ದು."

"ಗೊತ್ತು ಕಣೇ. ಪಕ್ಕದ ಮನೆ ನರ್ಸಮ್ಮ ಹೋದ ವರ್ಷಾನೇ ಹೇಳಿದ್ಲು."

"ಮತ್ಯಾಕೆ ಸುಮ್ನಿದ್ರಿ?"

"ದಿನಾ ಖಾಲಿ ಹೊಟ್ಟೇಲಿ ಓಡ್ತೀಯ. ನಿನ್ನ ಬಾಯಿಗೆ ಬೀಳ್ತಿದ್ದದ್ದು ಅದೊಂದೇ. ಕೇಳಿದ್ರೆ ಅದೂ ತಪ್ತಿತ್ತಲ್ಲ."

ನನಗೆಂದು ಇನ್ನೊಂದು ಮೊಟ್ಟೆ ಬೇಯಲಿಟ್ಟೆ. ಪಕ್ಕದಲ್ಲೇ ಕೂತು, ಅವರು ಹಳದಿ ತಿನ್ನುವುದನ್ನು ನೋಡಿದೆ. ನನ್ನ ಮೊಟ್ಟೆ ತಟ್ಟೆಯಲ್ಲೇ ಆರಿತು.