ಆಸ್ಪತ್ರೆಗೆ ಹೋಗದಿರಲು ಕಾರಣ

"ಮನಿಮಂದಿ ಎಲ್ಲಾ ಆರಾಮೇನವ್ವಾ" ಅಂತ ಕೇಳುತ್ತಿದ್ದಳೋ, "ಆರಾಮಿರಲಿ" ಅಂತ ಹರಸುತ್ತಿದ್ದಳೋ? ರಾಯಚೂರಿನ ನಮ್ಮ ಮನೆಗೆ ಮಂಗಳವಾರ ದೇವಿಯ ಬುಟ್ಟಿ ಹೊತ್ತು ಬರುತ್ತಿದ್ದ ಜೋಗಮ್ಮನ ಮಾತು ಇವತ್ತು ಅರ್ಧವೇ ನೆನಪಾಯಿತು. ಅವಳು ಗಂಡಾಗಿ ಹುಟ್ಟಿದವಳೆಂದು ಎಲ್ಲರಿಗೂ ಗೊತ್ತಿತ್ತು. ಅಮ್ಮ ಮೊರದಿಂದ ಜೋಳ ನೀಡುತ್ತ ತನ್ನ ಮಂಡಿನೋವನ್ನೆಲ್ಲ ಅವಳಿಗೇ ಹೇಳಿಕೊಳ್ಳುತ್ತಿದ್ದಳು.

ಗೆಳೆಯರೇ, ನಾನೀಗ ಇರುವ ಕಲ್ಯಾಣದ ನಮ್ಮ ಪಕ್ಕದ ಮನೆಯ ಹುಲಿಗೆವ್ವನೂ ಅಂಥ ಜೋಗಮ್ಮನೇ. (ಹೆಸರು ಬೇರೆ, ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.) ಬೆಳಿಗ್ಗೆ ಮೊಬೈಲ್ ಹಿಡಿದು ಬಂದಳು. "ಅಕ್ಕಾ, ನಮ್ಮಂಥವರ ಆರೋಗ್ಯದ ಸರ್ವೆ ಅಂತ. ಗ್ರೂಪಿನಾಗ ಲಿಂಕ್ ಬಂದೈತಿ. ನೀ ಓದು, ನಾ ಹೇಳ್ತೀನಿ."

ನಮ್ಮೂರಲ್ಲಿ ಆರೋಗ್ಯ ಕೇಳುತ್ತಿದ್ದವಳು ಜೋಗಮ್ಮನೇ ಅಲ್ಲವೇ ಎಂದುಕೊಂಡು ಓದತೊಡಗಿದೆ. ನಿದ್ದೆ, ಊಟ, ಬಿ.ಪಿ. ಎಲ್ಲ ಸರಾಗವಾಗಿ ಮುಗಿಯಿತು. ಎದೆಯಲ್ಲಿ ಗಂಟೇನಾದರೂ ಇದೆಯೇ ಎಂಬ ಪ್ರಶ್ನೆಗೆ "ಐತಿ, ದೀಪಾವಳಿಯಿಂದ" ಅಂದಳು. ಹೌದು ಎಂದು ಒತ್ತಿ ಮುಂದಿನ ಪ್ರಶ್ನೆಗೆ ಬಂದೆ. ಆಸ್ಪತ್ರೆಗೆ ಯಾಕೆ ಹೋಗಿಲ್ಲ ಎಂಬುದಕ್ಕೆ ದೂರ, ಖರ್ಚು, ಪುರುಸೊತ್ತಿಲ್ಲ ಎಂಬ ಮೂರೇ ಉತ್ತರ ಕೊಟ್ಟಿದ್ದರು.

"ಯಾವುದೂ ಅಲ್ಲಕ್ಕಾ. ಹೆಂಗಸರ ಪಾಳ್ಯಾಗ ನಿಂತ್ರ ಹೊರಗ ಹಾಕ್ತಾರ, ಗಂಡಸರ ಪಾಳ್ಯಾಗ ನಿಂತ್ರ ನಗ್ತಾರ. ಒಬ್ಬಾಕಿನ ಹೆಂಗ ಹೋಗ್ಲಿ?"

ಕೆಳಗೆ ಬರೆಯಲು ಒಂದಿಷ್ಟು ಖಾಲಿ ಜಾಗ ಸಿಕ್ಕಿತು. ಅವಳ ಮಾತನ್ನು ಹಾಗೇ ಬರೆದು ಕಳಿಸಿ, ದೊಡ್ಡ ಉಪಕಾರ ಮಾಡಿದೆನೆಂದು ಒಳಗೊಳಗೇ ಬೀಗಿದೆ.

ಹುಲಿಗೆವ್ವ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅಂದಳು: "ಬರಿಯೋದು ಮುಗೀತಲ್ಲಾ? ಸೋಮವಾರ ಒಂಬತ್ತಕ್ಕ ದವಾಖಾನಿಗೆ ಕರಿಯಾಕ ಬರ್ತೀನಿ, ತಯಾರಾಗಿರು."