ಎಡಕ್ಕೆ ಬಾಗಿದ ಬೆಣೆ

ಬೆಳಗಿನ ಐದೂವರೆ. ಬೀದಿ ಇನ್ನೂ ಮುಸುಕೆಳೆದು ಮಲಗಿದೆ. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಮೇಜಿನ ಮೇಲೆ ನಿನ್ನೆ ಬಂದ ಹಿತ್ತಾಳೆಯ ಲಾಟೀನು ಗಡಿಯಾರ: ನಾಲ್ಕು ಕಂಬ, ತಲೆಯ ಮೇಲೊಂದು ಗಂಟೆ, ಮುಖಕ್ಕೆ ಒಂದೇ ಮುಳ್ಳು. ಗಡಿಯಾರದ ಬದಿಯ ಪುಟ್ಟ ಬಾಗಿಲು ತೆರೆದು ಇಣುಕಿದ ಅರವತ್ತೊಂದರ ಹೆಂಗಸು ದೀಪವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಮುಖದ ತಗಡನ್ನು ಹಿಡಿದಿಟ್ಟ, ತಂತಿಯಂಥ ಸಣ್ಣ ಬೆಣೆಗಳ ತುದಿ ಎಡಕ್ಕೆ ಬಾಗಿದೆ.

“ನಮ್ಮಪ್ಪ ಎಡಚ,” ಎನ್ನುತ್ತಾರೆ ಮೆಲ್ಲಗೆ. “ಬೆಣೆ ಹೀಗೆ ಬಾಗಿಸ್ತಿದ್ದಿದ್ದು ಅವರೊಬ್ಬರೇ.”

ಇಂಥ ಒಂದೇ ಮುಳ್ಳಿನ ಹಳೆಯ ಗಡಿಯಾರಗಳನ್ನು ರಿಪೇರಿ ಮಾಡುವ ಇವರು ಬೀದಿಗೆಲ್ಲ ಒಂಟಿಮುಳ್ಳಿನಕ್ಕ. “ನಿಮಿಷದ ಮುಳ್ಳು ಎಲ್ಲಿ ಹೋಯ್ತಕ್ಕಾ?” ಎಂದು ಎದುರಿನ ದರ್ಜಿ ದಿನಾ ಕಾಲೆಳೆಯುತ್ತಾನೆ. “ಬಟ್ಟೆ ಕೊಡೋದು ವಾರ ತಡ, ನಿನಗ್ಯಾಕೋ ನಿಮಿಷ?” ಎಂಬ ಉತ್ತರ ಸದಾ ಸಿದ್ಧ. ದಿನಕ್ಕೆ ಎಂಟು ಗಂಟೆ ಬೆನ್ನು ಬಗ್ಗಿಸಿದರೆ ಸವೆದ ಚಕ್ರದ ಆರೋ ಏಳೋ ಹಲ್ಲು ಸರಿಯಾಗುತ್ತವೆ. ವರ್ಷಕ್ಕೆ ನಾಲ್ಕು ಗಡಿಯಾರ ಎದ್ದು ನಡೆದರೆ ಅದೇ ಹೆಚ್ಚು.

ರಿಪೇರಿ ಮುಗಿಸಿದವರು ಮುಖದ ತಗಡಿನ ಹಿಂಬದಿಯಲ್ಲಿ ಮೊಳೆಯಿಂದ ಹೆಸರು, ತಾರೀಖು ಗೀಚುವುದು ಈ ಕಸುಬಿನ ರೂಢಿ. ಇದೇ ಕಸುಬಿನಲ್ಲಿದ್ದ, ಶಾಲೆಯ ಮುಖ ಕಾಣದ ಅಪ್ಪ ಕಾಗದದ ಮೇಲೆ ಒಂದಕ್ಷರ ಬರೆದವರಲ್ಲ. ಬರೆದದ್ದೆಲ್ಲ ಗಡಿಯಾರದ ಹೊಟ್ಟೆಯೊಳಗೆ. ಮನೆಯಲ್ಲಿದ್ದ ಒಂದೇ ಒಂದು ಗಡಿಯಾರದಲ್ಲೂ ಆ ಸೊಟ್ಟ ಅಕ್ಷರಗಳಿದ್ದವು. ಹತ್ತೊಂಬತ್ತರ ಮಗಳು, ಅಪ್ಪ ಮೆಚ್ಚಲಿ ಅಂತ, ಅದನ್ನು ಹಿಂದೂ ಮುಂದೂ ಫಳಫಳ ಉಜ್ಜಿಟ್ಟಳು; ಅಕ್ಷರಗಳೂ ಅಳಿಸಿಹೋದವು.

“ಒಂದೇಟು ಹೊಡೆದಿದ್ರೆ ಮರೆತೇಬಿಡ್ತಿದ್ದೆ. ‘ಚೆನ್ನಾಗಿ ಹೊಳೀತಿದೆ ಮಗಳೇ’ ಅಂದ್ರು, ಅಷ್ಟೇ. ಮಾಡಿದ್ದುಣ್ಣೋ ಮಹರಾಯ.”

ಅಪ್ಪ ಹೋಗಿ ಇಪ್ಪತ್ತಾರು ವರ್ಷ. ಅಂದಿನಿಂದ ಬಿಚ್ಚಿದ ಪ್ರತಿ ಗಡಿಯಾರದಲ್ಲೂ ಅಕ್ಕ ಮೊದಲು ಹುಡುಕುವುದು ಆ ಬರಹವನ್ನೇ. ಯಾರ್ಯಾರದೋ ಗೀಚುಗಳು ಸಿಕ್ಕಿವೆ, ಅಪ್ಪನದು ಸಿಕ್ಕಿಲ್ಲ. ಒಮ್ಮೆ ಬೆರಳಲ್ಲಿ ಮುಟ್ಟಿ ನೋಡಬೇಕು, ಬೇರೇನೂ ಬೇಡ. ಆ ಆಸೆ ವಯಸ್ಸಿನ ಜೊತೆಗೇ ಬೆಳೆದಿದೆ.

ಇಕ್ಕಳದಲ್ಲಿ ಒಂದೊಂದೇ ಬೆಣೆಯ ತುದಿ ನೆಟ್ಟಗೆ ಮಾಡಿ ಹೊರಗೆಳೆಯುತ್ತಾರೆ. ತಗಡು ಕಳಚಿ, ದೀಪದ ಕೆಳಗೆ ತಿರುವಿ ಹಿಡಿಯುತ್ತಾರೆ.

ಹಿಂಬದಿ ಕನ್ನಡಿಯ ಹಾಗೆ ಹೊಳೆಯುತ್ತಿದೆ. ಯಾರೋ ಚೆನ್ನಾಗಿ ಉಜ್ಜಿಬಿಟ್ಟಿದ್ದಾರೆ.

ಅಕ್ಕ ಕನ್ನಡಕ ತೆಗೆದು ಒರೆಸುತ್ತಾರೆ, ಹಾಕಿಕೊಳ್ಳುತ್ತಾರೆ, ಮತ್ತೆ ತೆಗೆಯುತ್ತಾರೆ. ಅಳು ಬಂದಿದೆ, ಅದನ್ನು ಮುಚ್ಚಿಡುವುದೂ ಇಲ್ಲ. “ಬೈಯೋಣ ಅಂದ್ರೆ ಯಾವ ಬಾಯಲ್ಲಿ ಬೈಲಿ? ಪಾಪ, ಅವರೂ ಯಾರನ್ನೋ ಮೆಚ್ಚಿಸೋಕೆ ಉಜ್ಜಿರ್ತಾರೆ.”

ಹಳೆಯ ಬೆಣೆ ಕಸದ ಬುಟ್ಟಿಗೆ, ಹೊಸದು ಗಡಿಯಾರಕ್ಕೆ. ಇಷ್ಟು ವರ್ಷ ಇವರ ಪದ್ಧತಿ ಅದೇ. ಇವತ್ತು ನಾಲ್ಕನ್ನೂ ಎಣ್ಣೆಬಟ್ಟೆಯಲ್ಲಿ ಒರೆಸಿ ಬೆಂಕಿಪೊಟ್ಟಣದಲ್ಲಿ ಹಾಕುತ್ತಾರೆ. ಉಜ್ಜಿದವರು ಅಪ್ಪನ ಬೆಣೆಗಳನ್ನೇ ಹಳೆಯ ಗುರುತಿನಲ್ಲೇ ಬಾಗಿಸಿ ಮತ್ತೆ ಹಾಕಿದ್ದರು; ಈಗ ನೆಟ್ಟಗೆ ಮಾಡಿದರೂ ಆ ಗುರುತು ಹೋಗಿಲ್ಲ. ಮೂರು ತಿಂಗಳ ನಂತರ, ರಿಪೇರಿ ಮುಗಿದಾಗ, ಇವನ್ನೇ ಮತ್ತೆ ಹಾಕಬೇಕು. ಅಕ್ಕನದು ಬಲಗೈ ರೂಢಿ. ಆದರೂ ಒಂದು ರದ್ದಿ ತಂತಿ ತೆಗೆದುಕೊಂಡು, ಇಕ್ಕಳವನ್ನು ಎಡಗೈಗೆ ಬದಲಾಯಿಸಿ, ಈಗಿನಿಂದಲೇ ಅಪ್ಪನ ಹಾಗೆ ಎಡಕ್ಕೆ ಬಾಗಿಸಿ ಕಲಿಯುತ್ತಿದ್ದಾರೆ.

“ಹೆಸರು ಹೋದ್ರೆ ಹೋಗ್ಲಿ, ಅಪ್ಪನ ಕೈ ಇದೆಯಲ್ಲ,” ಎನ್ನುತ್ತಾರೆ. “ಇದನ್ನ ಎಷ್ಟು ಉಜ್ಜಿದ್ರೂ ಅಳಿಸೋಕಾಗಲ್ಲ ನೋಡಿ.”