ಮೇಷ್ಟ್ರು ಪಾಸಾದ ಪರೀಕ್ಷೆ

ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ಲು ಬಿದ್ದದ್ದೇ ತಡ, ನನಗೆ ಸಿಟ್ಟು ಬಂತು. ಜೆಲ್ಲು ಹಚ್ಚಿದ ಹುಡುಗಿಯ ಮೇಲಲ್ಲ. ಪಿತ್ತಕೋಶದಲ್ಲಿ ಕಲ್ಲಿರಬಹುದು, ಸ್ಕ್ಯಾನ್ ಮಾಡಿಸಿ ಎಂದು ಕಳಿಸಿದ ಡಾಕ್ಟರ ಮೇಲೂ ಅಲ್ಲ. ಇಂದಿರಾನಗರದ ಹಳೆಯ ಬಂಗಲೆಯೊಂದು ಈಗ ಸ್ಕ್ಯಾನಿಂಗ್ ಸೆಂಟರ್. ಯಾರದೋ ಮಲಗುವ ಕೋಣೆಯಾಗಿದ್ದ ಜಾಗದಲ್ಲಿ ನಾನು ಅಂಗಿ ಎತ್ತಿಕೊಂಡು ಮಲಗಿದ್ದೆ. ಆ ಜೆಲ್ಲಿಗೆ ವಾಸನೆಯೇ ಇಲ್ಲ ಎನ್ನುತ್ತಾರೆ. ನನಗೆ ಮಾತ್ರ ಒದ್ದೆ ಪ್ಲಾಸ್ಟಿಕ್ಕಿನಂಥ ವಾಸನೆ ಬಂತು. ಅದರ ಹಿಂದೆಯೇ ನಮ್ಮ ಪಿ.ಟಿ. ಮೇಷ್ಟ್ರು ನೆನಪಿಗೆ ಬಂದರು...

ಹಲಸೂರಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಶಾಲೆಯಲ್ಲಿ ನನಗೆ ಕಬಡ್ಡಿ ಕಲಿಸಲು ಹೋಗಿ ಕೈಬಿಟ್ಟವರು. ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲ ಸಿ.ವಿ. ರಾಮನ್ ನಗರದ ಕಡೆ ಎಲ್ಲೋ ಗಾಜಿನ ಕಟ್ಟಡಗಳ ಅಡಿಗೆ ಹೋಗಿತ್ತು. ಅದರ ಬಗ್ಗೆ ಅವರು ಒಂದು ಮಾತೂ ಆಡಿದವರಲ್ಲ. ಅವರ ಮಾತೆಲ್ಲ ದಮ್ಮಿನದು. ಎದುರಾಳಿಯ ಅಂಗಳಕ್ಕೆ ನುಗ್ಗಿ, ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಾ ಮುಟ್ಟಿ ವಾಪಸು ಬರುವುದು ಅವರಿಗೆ ಆಟ ಅಷ್ಟೇ ಆಗಿರಲಿಲ್ಲ, ಲೋಕವನ್ನು ಅಳೆಯುವ ಕೋಲಾಗಿತ್ತು. ಮಂತ್ರಿಗಳಿಗೆ ದಮ್ಮಿಲ್ಲ, ಬಸ್ ಡ್ರೈವರಿಗೆ ದಮ್ಮಿದೆ. ನನಗಂತೂ ಇಲ್ಲವೇ ಇಲ್ಲ. ಎಂ.ಎಸ್ಸಿ. ಮುಗಿಸಿದ ಮೇಲೆ ನನ್ನನ್ನು ಅವರು 'ಪ್ರೊಫೆಸರ್ರು' ಎಂದು ಕರೆಯತೊಡಗಿದರು. ಅದು ಗೌರವವಲ್ಲ ಎಂದು ಇಡೀ ಬೀದಿಗೆ ಗೊತ್ತಿತ್ತು.

ಅವರು ನಿವೃತ್ತರಾದ ಮೇಲೆ ಬೆಳಗಿನ ಹೊತ್ತು ನಾವು ಮೂಲೆಯ ಹೋಟೆಲಿನಲ್ಲಿ ಜೊತೆಗೆ ತಿಂಡಿ ತಿನ್ನುತ್ತಿದ್ದೆವು. ಒಂದು ದಿನ ಅವರು ಮಾಣಿಯನ್ನು ಕರೆದು, "ಇಡ್ಲಿಗೆ ಇನ್ನೊಂಚೂರು ವಿಷಲ್ ಹಾಕಪ್ಪಾ" ಅಂದರು. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. "ವಿಷಲ್... ವಿಷಲ್ ಕೇಳಿದ್ದು" ಎಂದು ಚಟ್ನಿ ಬಕೆಟ್ಟಿನ ಕಡೆ ಬೆರಳು ತೋರಿಸಿದರು. ಬಲಗೈಯಲ್ಲಿದ್ದ ನೀರಿನ ಲೋಟ ಜಾರಿ ತಟ್ಟೆಯೊಳಗೆ ಬಿತ್ತು. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಯಿತು, ಚಟ್ನಿ ಮತ್ತೆ ಚಟ್ನಿಯಾಯಿತು. ಹೋಟೆಲಿನಲ್ಲಿದ್ದವರೆಲ್ಲ ಸೇರಿ ಅದಕ್ಕೆ ಗ್ಯಾಸು ಎಂದು ಹೆಸರಿಟ್ಟರು. ಒಬ್ಬ ಸೋಡ ತರಿಸಿದ. ಆ ಸೋಡದ ಬಾಟಲಿ ನೆನೆಸಿಕೊಂಡರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ.

ಜಗಳವಾಡಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕತ್ತಿನ ಸ್ಕ್ಯಾನಿನಲ್ಲಿ, ಮೆದುಳಿಗೆ ರಕ್ತ ಒಯ್ಯುವ ಎಡಗಡೆಯ ನಾಳ ಬಹಳ ಕಿರಿದಾಗಿದೆ ಎಂದು ತಿಳಿಯಿತು. ಹಾಗಾದರೆ ಮೇಲೆ ಮೆದುಳಿಗೆ ಎಷ್ಟು ರಕ್ತ ಹೋಗುತ್ತಿದೆ? ಅದನ್ನು ನೋಡಲು ಇನ್ನೊಂದು ಪರೀಕ್ಷೆ. ಎರಡೂ ಕಿವಿಗಳ ಮುಂದೆ, ತಲೆಬುರುಡೆ ತೆಳ್ಳಗಿರುವ ಕಡೆ ಜೆಲ್ಲು ಹಚ್ಚಿ, ಮೋಟು ಪೆನ್ಸಿಲಿನಂಥ ಒಂದೊಂದು ಕಡ್ಡಿಯನ್ನು ಒತ್ತಿ ಹಿಡಿದರು. ಒಳಗೆ ಹರಿಯುವ ರಕ್ತ ಸ್ಪೀಕರಿನಲ್ಲಿ ಹುಶ್... ಹುಶ್... ಎಂದಿತು.

"ಈಗ ಉಸಿರು ಹಿಡೀರಿ ಸರ್" ಎಂದಳು ಯಂತ್ರದ ಮುಂದಿದ್ದ ಹುಡುಗಿ.

ಮೇಷ್ಟ್ರ ಮುಖ ಅರಳಿತು. ಅವರ ಜೀವಮಾನದಲ್ಲಿ ಯಾವ ಡಾಕ್ಟರೂ ಅವರನ್ನು ಇಂಥದ್ದು ಕೇಳಿರಲಿಲ್ಲ. ಹಿಡಿದರು. ಹುಡುಗಿ "ಸಾಕು ಸರ್, ಬಿಡಿ" ಅಂದಳು. ಬಿಡಲಿಲ್ಲ. "ಸರ್, ಸಾಕು!" ಎಂದು ಅವಳು ಗಾಬರಿಯಾದ ಮೇಲೆ ಬಿಟ್ಟು, ನನ್ನ ಕಡೆ ತಿರುಗಿ ಕಣ್ಣು ಹೊಡೆದರು.

ಆ ಪರೀಕ್ಷೆಯ ಲೆಕ್ಕ ಬೇರೆ. ಉಸಿರು ಹಿಡಿದಾಗ ಮೆದುಳಿನ ಸಣ್ಣ ನಾಳಗಳು ಹಿಗ್ಗುತ್ತವೆ, ರಕ್ತದ ಓಟ ಜೋರಾಗುತ್ತದೆ, ಸದ್ದು ಏರುತ್ತದೆ. ಕತ್ತಿನಲ್ಲಿ ದಾರಿ ಕಟ್ಟಿದ್ದರೆ ಆ ನಾಳಗಳು ಮೊದಲೇ ಆದಷ್ಟೂ ಹಿಗ್ಗಿಕೊಂಡು ಹೇಗೋ ಸಂಭಾಳಿಸುತ್ತಿರುತ್ತವೆ. ಪೂರ್ತಿ ತಿರುಗಿಸಿದ ನಲ್ಲಿಯನ್ನು ಇನ್ನೆಷ್ಟು ತಿರುಗಿಸುವುದು? ಅವರ ಒಂದು ಕಡೆಯ ಸದ್ದು ಏರಿತು. ಇನ್ನೊಂದು ಕಡೆಯದು ಇದ್ದಲ್ಲೇ ಇತ್ತು.

ಇಲ್ಲಿ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಏರದ ಸದ್ದು ಕಿಟಕಿಯ ಕಡೆಯ ಕಿವಿಯದು ಎಂದೇ ನನ್ನ ಕಣ್ಣಿಗೆ ಕಟ್ಟಿದೆ. ಮಂಚ ಇದ್ದ ರೀತಿ ನೋಡಿದರೆ ಅದು ಬಲಗಿವಿ. ಆದರೆ ಲೋಟ ಜಾರಿದ್ದು ಬಲಗೈಯಿಂದ, ತಪ್ಪಿದ್ದು ಮಾತು. ಎರಡನ್ನೂ ಆಳುವುದು ಮೆದುಳಿನ ಎಡಭಾಗ, ಕತ್ತಿನ ಸ್ಕ್ಯಾನೂ ಎಡ ಎಂದೇ ಹೇಳಿತ್ತು. ಅಂದರೆ ಇಷ್ಟು ವರ್ಷಗಳಲ್ಲಿ ನಾನು ಮಂಚವನ್ನೋ ಕಿಟಕಿಯನ್ನೋ ತಿರುಗಿಸಿಟ್ಟಿದ್ದೇನೆ. ಇನ್ನೇನೇನು ತಿರುಗಿಸಿದ್ದೇನೋ...

ಡಾಕ್ಟರು ಬಂದು ನಿಂತುಕೊಂಡೇ ಹೇಳಿದರು. "ಲೆಫ್ಟ್ ಸೈಡ್ ರಿಸರ್ವ್ ಇಲ್ಲ. ಇದೇ ವಾರ ಕತ್ತಿನ ಆಪರೇಷನ್ ಮಾಡಿ ಬ್ಲಾಕ್ ತೆಗೆದ್ಬಿಡೋಣ. ಲೇಟ್ ಮಾಡ್ಬೇಡಿ." ಮುಂದಿನ ರೋಗಿಯ ಕಡೆ ಹೋಗಿಬಿಟ್ಟರು. ಒಂದು ನಿಮಿಷ ಕೂತು ಇವರ ಭಾಷೆಯಲ್ಲಿ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಆಟೋದಲ್ಲಿ ಮೇಷ್ಟ್ರು ನಗುತ್ತಿದ್ದರು. "ನಂಗ್ಯಾಕ್ಲೇ ರಿಸರ್ವ್? ನಾನ್ ಯಾವತ್ತಿದ್ರೂ ಮೈನ್ ಟೀಮಲ್ಲೇ ಆಡಿರೋದು."

"ಮೇಷ್ಟ್ರೇ, ಅದು ದಮ್ಮಿನ ಟೆಸ್ಟ್ ಅಲ್ಲ. ನೀವು ಎಷ್ಟು ಹೊತ್ತು ಹಿಡಿದ್ರಿ ಅನ್ನೋದು ಅವರಿಗೆ ಬೇಕಾಗೇ ಇಲ್ಲ. ರಕ್ತ ಜಾಸ್ತಿ ಆಗ್ಬೇಕಿತ್ತು, ಆಗ್ಲಿಲ್ಲ."

"ಆ ಹುಡ್ಗಿ ಸಾಕು ಸಾಕು ಅಂತ ಕೈ ಮುಗಿದ್ಲು, ನೋಡ್ಲಿಲ್ವಾ? ಒಂದು ಸೂಜಿ ಚುಚ್ಚಿಲ್ಲ, ಒಂದು ತೊಟ್ಟು ರಕ್ತ ತಗೊಂಡಿಲ್ಲ, ಸೀದಾ ಕತ್ತಿಗೆ ಚಾಕು ಹಾಕ್ತೀನಿ ಅಂತಾನೆ! ನೀನ್ ಓದಿರೋನು ಮಗಾ, ಆಡಿರೋನಲ್ಲ. ಸುಮ್ನಿರು."

ಅವಳು ಕೈ ಮುಗಿದಿರಲಿಲ್ಲ. ಮರುದಿನ ಹೋಟೆಲಿನಲ್ಲಿ ಕತೆ ಇನ್ನೂ ಬೆಳೆಯಿತು. ಯಂತ್ರವೇ ಸೋತು ನಿಂತುಹೋಯಿತಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. "ಮೇಷ್ಟ್ರು ಪಾಸ್!" ಎಂದು ಮಾಲೀಕ ಕೂಗಿದ. ನಾನು ಮೇಜು ಗುದ್ದಿ, ಅವರು ಫೇಲಾಗಿದ್ದಾರೆ, ಆಪರೇಷನ್ ಆಗಲೇಬೇಕು ಎಂದು ಹೇಳಿದೆ. "ನಿಂದು ಯಾವಾಗ್ಲೂ ಅಪಶಕುನ ಗುರು" ಎಂದು ಒಬ್ಬ ನನ್ನ ಕಾಫಿಯನ್ನು ನನ್ನ ಕಡೆಗೇ ತಳ್ಳಿದ. ಮನೆಗೆ ಹೋಗಿ ಅವರ ಹೆಂಡತಿಗೂ ಬಿಡಿಸಿ ಹೇಳಿದೆ. ಪಾಪ, ಆಕೆ ನನ್ನನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು. ಮೇಷ್ಟ್ರು ಗೋಡೆಗೊರಗಿ, ಕೆನ್ನೆ ಉಬ್ಬಿಸಿ, ಉಸಿರು ಹಿಡಿದು ತೋರಿಸಿದರು. ಆಕೆ ನಕ್ಕುಬಿಟ್ಟರು.

ವಾರ ಕಳೆಯಿತು. ಅದರ ಮುಂದಿನ ವಾರ, ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುತ್ತಿದ್ದವರು ಅರ್ಧ ಮುಖದ ನೊರೆಯ ಜೊತೆಗೆ ಬಚ್ಚಲಲ್ಲಿ ಬಿದ್ದಿದ್ದರು.

ಬದುಕಿದರು. ಬಲಗೈ, ಬಲಗಾಲು, ಮಾತು ಹೋದವು. ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಬಾಯಿಂದ ಬರುತ್ತಿದ್ದುದು ಒಂದೇ ಸದ್ದು: ಬಡಿ, ಬಡಿ, ಬಡಿ. ಹೋಟೆಲಿನವರು ನೋಡಲು ಬಂದು, "ಕಬಡ್ಡಿ ಅಂತಿದಾರೆ ನೋಡ್ರೋ! ಮೇಷ್ಟ್ರು ಇನ್ನೂ ಆಟ ಬಿಟ್ಟಿಲ್ಲ" ಎಂದು ಖುಷಿಪಟ್ಟು, ಇನ್ನೊಮ್ಮೆ ಹೇಳಿ ಎಂದು ಪುಸಲಾಯಿಸಿದರು. ಹೇಳಿದಾಗ ಮತ್ತೆ ಚಪ್ಪಾಳೆ. ಅವರನ್ನೆಲ್ಲ ಬೀದಿಗೆ ದಬ್ಬಬೇಕು ಅನ್ನಿಸಿತು. ಅದು ಕಬಡ್ಡಿಯೋ, ಬರೀ ನಾಲಿಗೆ ತಡವರಿಸಿದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೇಷ್ಟ್ರು ಮಾತ್ರ ಚಪ್ಪಾಳೆ ತಟ್ಟಿದವರನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು. ಹಾಗೆಂದು ನೆನಪು...

ಮರುವರ್ಷ ಹೋದರು. ಹದಿಮೂರನೆಯ ದಿನದ ಊಟಕ್ಕೆ ಬಡಿಸುತ್ತಾ ಅವರ ಹೆಂಡತಿ ನನ್ನ ಎಲೆಯ ಮುಂದೆ ನಿಂತರು. "ನೀನೇ ಜೊತೆಗಿದ್ಯಲ್ಲಪ್ಪಾ. ಅಷ್ಟೊತ್ತು ಉಸಿರು ಹಿಡಿದೋರಿಗೆ ಹಿಂಗ್ಯಾಕಾಯ್ತು?"

ಅವರ ಕೈಯಲ್ಲಿ ಪಾಯಸದ ಸೌಟಿತ್ತು. ಅದರಿಂದ ತೊಟ್ಟಿಕ್ಕುತ್ತಿತ್ತು. ನಲ್ಲಿಯ ಉಪಮೆಯನ್ನು ಅವರ ಮುಂದೆ ಮತ್ತೆ ಬಿಚ್ಚುವ ಬದಲು, ಅನ್ನ ಸರಿಸಿ ಎಲೆಯಲ್ಲಿ ಪಾಯಸಕ್ಕೆ ಜಾಗ ಮಾಡಿದೆ.

ಇಷ್ಟು ವರ್ಷ ನಾನು ಸಿಟ್ಟನ್ನು ಎಲ್ಲರಿಗೂ ಹಂಚಿದ್ದೇನೆ. ಸೋಡ ತರಿಸಿದವನಿಗೆ, ನಿಂತು ಮಾತಾಡಿದ ಡಾಕ್ಟರಿಗೆ, ಪಾಸ್ ಎಂದು ಕೂಗಿದ ಮಾಲೀಕನಿಗೆ. ಎಲ್ಲರಿಗಿಂತ ಹೆಚ್ಚು ಮೇಷ್ಟ್ರಿಗೆ. ಬುದ್ಧಿ ಇದ್ದ ಮನುಷ್ಯ, ಒಂದು ಹೊಗಳಿಕೆಗೆ ತಲೆಯನ್ನೇ ಒತ್ತೆ ಇಟ್ಟರಲ್ಲ ಎಂದು.

"ಉಸಿರು ಎಳ್ಕೊಂಡು ಹಿಡೀರಿ ಸರ್" ಎಂದಳು ಇಂದಿರಾನಗರದ ಹುಡುಗಿ. ಹಿಡಿದೆ. ಅವಳು ಪರದೆ ನೋಡುತ್ತಿದ್ದಳು, ನಾನು ಛಾವಣಿ ನೋಡುತ್ತಿದ್ದೆ.

"ಸರ್, ಬಿಡಿ. ಆಗ್ಲೇ ಬಿಡಿ ಅಂದೆ." ತಿರುಗಿ ನಕ್ಕಳು. "ಪರ್ವಾಗಿಲ್ವೇ, ಚೆನ್ನಾಗ್ ಹಿಡೀತೀರಾ!"

ನನಗೆ ಖುಷಿಯಾಯಿತು. ನಾಚಿಕೆಯಿಲ್ಲದ, ಶಾಲೆಯ ಅಂಗಳದ ಖುಷಿ. ಇದನ್ನು ಮೇಷ್ಟ್ರಿಗೆ ಹೇಳಬೇಕು ಅನ್ನಿಸಿತು.

ಆಮೇಲೆ ಅವಳು ಕೊಟ್ಟ ಕಾಗದದಿಂದ ಹೊಟ್ಟೆ ಒರೆಸಿಕೊಂಡೆ. ಜೆಲ್ಲು ಸುಲಭವಾಗಿ ಹೋಗುವುದಿಲ್ಲ.